ಬಲಗಣ್ಣಿನ ಅಂಚಿನಲ್ಲಿ ಹರಿದದ್ದು

ಮಗಳ ತಲೆ ಬಾಚುವಾಗ ಬಿಳಿ ಟವೆಲ್ಲಿನ ಮೇಲೆ ಬಿದ್ದದ್ದು ಹೇನೋ, ತನ್ನ ಕಣ್ಣಿನ ಕಾಟವೋ ಎಂದು ಶರ್ವಾಣಿಗೆ ತಕ್ಷಣ ತಿಳಿಯಲಿಲ್ಲ. ಬಲಗಣ್ಣು ಮುಚ್ಚಿ ನೋಡಿದಳು. ಅದು ಹೋಗಲಿಲ್ಲ. ಎರಡು ಹೆಬ್ಬೆರಳಿನ ಉಗುರುಗಳ ನಡುವೆ ಇಟ್ಟು ಒತ್ತಿದಳು. ಚಿಟ್ ಎಂದಿತು. ಉಗುರಿನ ಮೇಲೆ ಒಂದು ಚುಕ್ಕೆ ರಕ್ತ, ಮಗಳದ್ದು.

"ಮಗು ತಲೆ ಕೆರ್ಕೋತಿದೆ ಅಂತ ನಾನು ಹೇಳ್ಲಿಲ್ವಾ?" ಅತ್ತೆ ಸರಸ್ವತಿ ಬಾಲ್ಕನಿಗೆ ಕಾಲಿಡದೆ ಬಾಗಿಲಲ್ಲೇ ನಿಂತಿದ್ದರು. "ಆಪರೇಷನ್ ಮಾಡಿಸ್ಕೊಂಡ ಕಣ್ಣು ಬೇರೆ. ಇಷ್ಟು ದಪ್ಪ ಹೇನು ಕಾಣ್ಲಿಲ್ವೇನಮ್ಮ?"

ಶರ್ವಾಣಿ ಬಾಚಣಿಗೆಯ ಹಲ್ಲುಗಳನ್ನು ಒರೆಸಿದಳು. ಕಣ್ಣೊಳಗೆ ತೇಲಾಡುತ್ತಿದ್ದ ಕಪ್ಪು ಎಳೆಗಳನ್ನು ಮೂರು ತಿಂಗಳ ಹಿಂದೆ ಆಪರೇಷನ್ ಮಾಡಿಸಿ ತೆಗೆಸಿದ್ದಳು. ಎಳೆಗಳು ಹೋದವು. ಬದಲಿಗೆ ಬಲಗಣ್ಣಿನ ಅಂಚಿನಲ್ಲಿ ಏನೋ ಮಿಣುಕುವುದು, ಸರಕ್ಕನೆ ಹರಿದು ಮಾಯವಾಗುವುದು ಶುರುವಾಯಿತು. ಸಾರಿನಲ್ಲಿ ಹುಳ, ದಿಂಬಿನ ಮೇಲೆ ಜಿರಳೆ. ಪ್ರತಿ ಸಲವೂ ಬೆಚ್ಚಿ ನೋಡಿದರೆ ಏನೂ ಇರುತ್ತಿರಲಿಲ್ಲ. ಆದರೂ ಆ ಸಾರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಆಪರೇಷನ್ ಚೆನ್ನಾಗೇ ಆಗಿದೆ ಮೇಡಂ. ಅದಕ್ಕೆ ಗಮನ ಕೊಡ್ಬೇಡಿ, ಮೆದುಳೇ ಮರೆತುಬಿಡುತ್ತೆ" ಅಂದಿದ್ದರು.

ಅವಳು ಹಟ ಹಿಡಿದು ಗಮನ ಕೊಡದಿರುವುದನ್ನು ಕಲಿತಳು. ಏಳೂಕಾಲಿಗೆ ಮಗಳ ಶಾಲೆಯ ವ್ಯಾನು, ಎಂಟಕ್ಕೆ ಬಿಳೇಕಹಳ್ಳಿಯ ಆಫೀಸಿಗೆ ತನ್ನ ಬಸ್ಸು. ಆ ಗಡಿಬಿಡಿಯಲ್ಲೇ ಮಗಳಿಗೆ ಎರಡು ಜಡೆ. ಬೈತಲೆಯ ಪಕ್ಕ ಏನಾದರೂ ಹರಿದರೆ ಕಣ್ಣು ಮಿಟುಕಿಸಿ ರಿಬ್ಬನ್ ಬಿಗಿಯುತ್ತಿದ್ದಳು.

ಗುರುವಾರ ಕ್ಲಾಸ್ ಟೀಚರ್ ಸೌಮ್ಯ ಫೋನ್ ಮಾಡಿ, ಮಗಳು ಕೂರುವ ಬೆಂಚಿನ ಮಕ್ಕಳಿಗೆ ಹೇನಾಗಿದೆ ಅಂದಾಗ, "ನಮ್ಮ ಸಮನ್ವಿತಾ ತಲೆ ದಿನಾ ನಾನೇ ನೋಡಿ ಬಾಚೋದು ಮಿಸ್. ಪಕ್ಕದಲ್ಲಿ ಕೂರೋರ್ನ ವಿಚಾರಿಸಿ" ಎಂದಿದ್ದಳು. ಎಂಥ ಠೀವಿ ಆ ಮಾತಿನಲ್ಲಿ.

"ನನ್ನ ಪಕ್ಕದಲ್ಲಿ ಕೂರ್ತಿದ್ದ ಶ್ವೇತನ್ನ ಹಿಂದಿನ ಬೆಂಚಿಗೆ ಕಳಿಸಿದ್ರು," ಸಮನ್ವಿತಾ ತಲೆ ಬಗ್ಗಿಸಿಕೊಂಡೇ ಹೇಳಿದಳು. "ಒಬ್ಳೇ ಕೂರ್ತಾಳೆ. ಎಲ್ರೂ ಹೇನಕ್ಕ ಅಂತಾರೆ."

"ನೀನೂ ಅಂದ್ಯಾ?"

"ಒಂದೇ ಸಲ ಅಮ್ಮ."

ಶರ್ವಾಣಿ ಮತ್ತೆ ಬಾಚಣಿಗೆ ಎಳೆದಳು. ಇನ್ನೂ ಮೂರು ಬಿದ್ದವು, ಕಾಲು ಆಡಿಸುತ್ತ. ಕಿವಿಯ ಹಿಂದೆ ಬೆರಳಾಡಿಸಿದರೆ ರವೆಯಂತೆ ಸೀರು. ವಾರಗಟ್ಟಲೆ ಇಲ್ಲೇ ಸಂಸಾರ ಹೂಡಿವೆ. ಹೇನಿಗಿಂತ ಹೆಚ್ಚಾಗಿ ತನ್ನ ಮೇಲೆಯೇ ಅವಳಿಗೆ ವಾಕರಿಕೆ ಬಂತು. ಫೋನ್ ಕೈಗೆತ್ತಿಕೊಂಡಳು.

"ಯಾರಿಗೆ?" ಅತ್ತೆ ಕೇಳಿದರು. "ಔಷಧಿ ಹಚ್ಚಿ ತೊಳೆದ್ರೆ ಮುಗೀತು. ಊರಿಗೆಲ್ಲ ಯಾಕೆ ಸಾರ್ತೀಯಾ? ಸೋಮವಾರ ನಮ್ಮ ಮಗೂನ ಹಿಂದೆ ಕೂರಿಸ್ತಾರೆ, ನೋಡ್ತಿರು."

"ಕೂರಿಸ್ಲಿ ಅತ್ತೆ."

ಆ ಕಡೆ ಟೀಚರ್ ಹಲೋ ಎಂದರು.

"ಮಿಸ್, ಹೇನಿರೋದು ನಮ್ಮ ಸಮನ್ವಿತಾ ತಲೇಲಿ. ಶ್ವೇತನ್ನ ಮುಂದಕ್ಕೆ ಕರೀರಿ. ಅವರಮ್ಮಂಗೆ ನಾನೇ ಹೇಳ್ತೀನಿ."

"ಅಲ್ಲ ಮೇಡಂ, ದಿನಾ ನೋಡ್ತೀನಿ ಅಂದಿದ್ರಲ್ಲ?"

"ನೋಡ್ತಿದ್ದೆ ಮಿಸ್. ಕಾಣಿಸ್ತಾನೂ ಇತ್ತು."

ಅಷ್ಟರಲ್ಲಿ ಮಡಿಲ ಮೇಲಿದ್ದ ಎಡಗೈ ಮೇಲೆ ಏನೋ ಸರಕ್ಕನೆ ಹರಿಯಿತು. ಈ ಸಲ ಅವಳು ಕಣ್ಣು ಮಿಟುಕಿಸಲಿಲ್ಲ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ ಅಲ್ಲೇ ಉಗುರೂರಿದಳು. ಬರೀ ಚರ್ಮ. ಆದರೂ ಟವೆಲ್ಲಿನ ಅಂಚಿಗೆ ಕೈ ಉಜ್ಜಿದಳು, ಕೆಂಪಗಾಗುವವರೆಗೆ.