ಆಚೆ ದಂಡೆಗೆ ಕೂಗಿದ ರೇಡಿಯೋ

ನಾನು ಒಂದು ರೇಡಿಯೋ. ಹಾಡು ಕೇಳಿಸುವ ರೇಡಿಯೋ ಅಲ್ಲ, ಕ್ರಿಕೆಟ್ಟಿನದೂ ಅಲ್ಲ. ಬಿರುಗಾಳಿ ಬರುತ್ತಿದೆ, ಓಡಿ ಎಂದು ಕಿರಿಚುವುದಷ್ಟೇ ನನ್ನ ಕಸುಬು. ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಕೂತಿರಬೇಕು, ಕಿರಿಚಬೇಕಾದ ಗಳಿಗೆಯಲ್ಲಿ ಮನೆ ಅದುರುವಂತೆ ಕಿರಿಚಬೇಕು. ಅಂಥ ಒಂದು ಗಳಿಗೆಯಲ್ಲಿ ನಾನು ಕಿರಿಚಲಿಲ್ಲ. ತಪ್ಪು ನನ್ನದೋ ಅಲ್ಲವೋ, ಪೂರ್ತಿ ಕೇಳಿ ನೀವೇ ಹೇಳಿ.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಒಬ್ಬಳು ನನ್ನ ಹೊಟ್ಟೆಯೊಳಗೆ ತಂತಿ ಬೆಸೆದಳು, ಇನ್ನೊಬ್ಬಳು ಗಂಟಲು ಪರೀಕ್ಷೆ ಮಾಡಿದಳು. ನನ್ನ ಮೊದಲ ಕೂಗಿಗೆ ಅವಳು ಎರಡೂ ಕಿವಿ ಮುಚ್ಚಿಕೊಂಡು, "ಅಬ್ಬಾ, ಇದೇನು ಗಂಟಲು!" ಎಂದು ನಕ್ಕಳು. ಅವತ್ತೇ ನನಗೆ ಒಂಚೂರು ಜಂಬ ಬಂತು. ಆ ಜಂಬದಿಂದಲೇ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಅಮೆರಿಕದ ಇಲಿನಾಯ್ ರಾಜ್ಯಕ್ಕೆ ಬಂದೆ.

ಅಲ್ಲಿ ಮಿಸಿಸಿಪ್ಪಿ ಹೊಳೆಯೇ ರಾಜ್ಯದ ಗಡಿ. ಮೂಡಣ ದಂಡೆ ಇಲಿನಾಯ್, ಪಡುವಣ ದಂಡೆ ಅಯೋವಾ. ನನ್ನನ್ನು ಕೊಂಡ ಡೋರಿಸ್ ಮೂಡಣ ದಂಡೆಯವಳು. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದ ಮುದುಕಿ, ಗಂಡ ತೀರಿಕೊಂಡಿದ್ದ. ನಿಮ್ಮಲ್ಲಿ ತಾಲ್ಲೂಕು ಇದ್ದ ಹಾಗೆ ಅಲ್ಲಿ ಕೌಂಟಿ. ಒಂದೊಂದು ಕೌಂಟಿಗೂ ಒಂದೊಂದು ಸಂಖ್ಯೆ. ನನ್ನೊಳಗೆ ಯಾವ ಕೌಂಟಿಯ ಸಂಖ್ಯೆ ಒತ್ತಿದ್ದಾರೋ ಆ ಕೌಂಟಿಗೆ ಗಂಡಾಂತರ ಬಂದರೆ ಮಾತ್ರ ನನ್ನ ಗಂಟಲು ಬಿಚ್ಚುತ್ತದೆ. ಪಕ್ಕದ ಕೌಂಟಿ ಹಾರಿಹೋದರೂ ನಾನು ಮೂಕ. ಡೋರಿಸ್ ಭೂತಗನ್ನಡಿ ಹಿಡಿದು, ಬೈದುಕೊಳ್ಳುತ್ತಾ, ಅರ್ಧ ದಿನ ಹೆಣಗಿ ತನ್ನ ಕೌಂಟಿಯ ಸಂಖ್ಯೆ ಒತ್ತಿದಳು. ಇನ್ನು ಯಾರೂ ಅದನ್ನು ಕೆಡಿಸಬಾರದೆಂದು ಗುಂಡಿಗಳ ಮೇಲೆ ಅಗಲವಾದ ಬಿಳಿ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಮೇಷ್ಟ್ರ ಅಕ್ಷರದಲ್ಲಿ 'ಮುಟ್ಟಬೇಡಿ' ಎಂದು ಬರೆದಳು.

ಪಕ್ಕದ ಮನೆಗೆ ಧಾರವಾಡ ಕಡೆಯ ಸಂಸಾರವೊಂದು ಬಂದದ್ದು ಮರುವರ್ಷ. ಗಂಡ ಚನ್ನವೀರ, ಬೀಜದ ಕಂಪನಿಯೊಂದರಲ್ಲಿ ಗೋವಿನಜೋಳದ ರೋಗ ನೋಡುವ ಕೆಲಸ. ಹೆಂಡತಿ ನೀಲಾಂಬಿಕಾ. ಐದು ವರ್ಷದ ಮಗಳು ಶಾಂಭವಿ. ನೀಲಾಗೆ ಇಂಗ್ಲಿಷು ತಡವರಿಸುತ್ತಿತ್ತು, ಡೋರಿಸ್‌ಗೆ ಕಿವಿ ಮಂದ. ಇಬ್ಬರಿಗೂ ಬಲು ಚೆನ್ನಾಗಿ ಹೊಂದಿಕೊಂಡಿತು. ದಸರೆಗೆ ಬನ್ನಿ ಎಲೆ ಸಿಗದೆ ನೀಲಾ ಮೇಪಲ್ ಮರದ ಎಲೆ ತಂದು, "ಬಂಗಾರ ತಗೊಂಡು ಬಂಗಾರದಂಗ ಇರೋಣ ಅಜ್ಜಿ" ಎಂದು ಕೊಟ್ಟು ಕಾಲಿಗೆ ಬಿದ್ದಾಗ ಡೋರಿಸ್ ಗಾಬರಿಯಾಗಿ ಅತ್ತೇಬಿಟ್ಟಳು. ಆ ಚಳಿಗಾಲದಲ್ಲಿ ಮಂಡಿ ಸೋತು ವೃದ್ಧಾಶ್ರಮಕ್ಕೆ ಹೊರಟವಳು ನನ್ನನ್ನು ನೀಲಾಳ ಮಡಿಲಿಗೆ ಹಾಕಿದಳು.

"ಇದಕ್ಕೆ ತನ್ನ ಕೆಲಸ ಗೊತ್ತು," ಎಂದಳು. "ಏನನ್ನೂ ಮುಟ್ಟಬೇಡ. ಕೂಗಿದರೆ ನೆಲಮಾಳಿಗೆಗೆ ಇಳಿ."

ನೀಲಾ ಆ ಮಾತನ್ನು ಹಿರಿಯರ ಮಾತೆಂದು ನಡೆಸಿದಳು. ಖಂಡೇನವಮಿ ದಿನ ಕಾರಿಗೆ, ಕುಕ್ಕರಿಗೆ, ಮಿಕ್ಸಿಗೆ ವಿಭೂತಿ ಹಚ್ಚುವಾಗ ನನಗೂ ಮೂರು ಬೆರಳು ಎಳೆದಳು. ಅಂಟುಪಟ್ಟಿಯ ಅಂಚು ಎದ್ದಾಗ ಉಗುರಲ್ಲಿ ಒತ್ತಿ ಕೂರಿಸುತ್ತಿದ್ದಳು. ಹೌದು, ನನಗೆ ಹಿತವಾಗಿತ್ತು. ಆಮೇಲೆ ಏನಾಯಿತೋ ಅದಕ್ಕೆ ಆ ಭಕ್ತಿಯೇ ಮೂಲ ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಚನ್ನವೀರನಿಗೆ ಅಯೋವಾ ದಂಡೆಗೆ ಹೋಗುವ ಹುಚ್ಚು ಹಿಡಿಯಿತು. ಕರೆಂಟು ಬಿಲ್ಲಿನ ಬೆನ್ನ ಮೇಲೆ ನೀಲಾ ನಡುವೆ ಗೆರೆ ಎಳೆದು ಈಚೆ ದಂಡೆ, ಆಚೆ ದಂಡೆ ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದಳು. ದಿನವೂ ಇಬ್ಬರೂ ಒಂದೊಂದು ಸಾಲು ಸೇರಿಸುವರು. ಈಚೆಗೆ ಹುಣಸೆಹಣ್ಣು, ಕಡಲೆಬೇಳೆ ಸಿಗುವ ಅಂಗಡಿ ಇತ್ತು, ಡೋರಿಸಜ್ಜಿ ಹತ್ತಿರವಿದ್ದಳು. ಆಚೆಗೆ ಒಳ್ಳೆಯ ಶಾಲೆ, ಕಡಿಮೆ ತೆರಿಗೆ, ಬಯಲು. 'ಹಂದಿ ನಾತ' ಎಂದು ನೀಲಾ ಆಚೆ ದಂಡೆಗೆ ಎರಡು ಸಲ ಬರೆದಳು.

"ಅಲ್ಲಿ ನನ್ನ ಹೊಲ ಮನಿ ಮುಂದ ಇರತೈತಿ," ಎನ್ನುತ್ತಿದ್ದ ಚನ್ನವೀರ. "ದಿನಾ ಸೇತುವಿ ದಾಟಿ ಸಾಯೂದು ತಪ್ಪತೈತಿ. ಸಾಲಿ ಎಷ್ಟ ಚಲೋ ಐತಿ, ನೋಡೀಯಿಲ್ಲೋ?"

"ಸಾಲಿ ಚಲೋ ಐತ್ರಿ. ಆ ಮನಿಗೆ ನೆಲಮಾಳಿಗಿ ಎಲ್ಲೈತಿ? ಗಾಳಿ ಬಂದ್ರ ಕೂಸಿನ ಕರಕೊಂಡು ಎಲ್ಲಿ ಹೋಗಲಿ?"

ಕೊನೆಯ ಸಾಲಿನಲ್ಲಿ ಅವಳು 'ಗಾಳಿ' ಎಂದು ಬರೆದು, ಈಚೆ ದಂಡೆಗೆ 'ನೆಲಮಾಳಿಗಿ ಐತಿ' ಎಂದು ತುಂಬಿ, ಆಚೆ ದಂಡೆಯನ್ನು ಖಾಲಿ ಬಿಟ್ಟಳು. ಚನ್ನವೀರ ಪೆನ್ನು ಕಿತ್ತುಕೊಂಡು ಆ ಖಾಲಿಯಲ್ಲಿ 'ರೇಡಿಯೋ ಐತಿ' ಎಂದು ಬರೆದ. ನೀಲಾ ಅದನ್ನು ಓದಿ ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ, "ಆತು ಬಿಡ್ರಿ, ಒಂದ ವರ್ಷ ನೋಡೂಣು" ಎಂದಳು.

ಹೊಳೆ ದಾಟಿದೆವು. ನಾನು ನೀಲಾಳ ತೊಡೆಯ ಮೇಲೆ ಕೂತು ಸೇತುವೆ ದಾಟಿದೆ. ದಾಟಿದರೂ ನನ್ನೊಳಗಿನ ಸಂಖ್ಯೆ ಹಿಂದಿನ ದಂಡೆಯದೇ ಆಗಿತ್ತು. ಊರು ಬದಲಿಸಿದರೆ ಅದನ್ನೂ ಬದಲಿಸಬೇಕೆಂದು ಹೇಳುವ ಕಾಗದ ಡೋರಿಸಳ ಮನೆಯ ಕಸದಲ್ಲಿ ಎಂದೋ ಹೋಗಿತ್ತು. ಗುಂಡಿಯ ಮೇಲೆ 'ಮುಟ್ಟಬೇಡಿ' ಇತ್ತು. ಇವರು ಮುಟ್ಟಲಿಲ್ಲ.

ಇನ್ನೂ ಒಂದು ಮೋಸವಿತ್ತು. ಪ್ರತಿ ಬುಧವಾರ ಹನ್ನೊಂದು ಗಂಟೆ ದಾಟಿದ ಮೇಲೆ ಹವಾಮಾನದವರು ಎರಡೂ ದಂಡೆಗೆ ಒಟ್ಟಿಗೆ ಪರೀಕ್ಷೆಯ ಕೂಗು ಕಳಿಸುತ್ತಿದ್ದರು. ಆಗ ನಾನು ತಪ್ಪದೆ ಕೂಗುತ್ತಿದ್ದೆ. ಕೂಗದಿರುವುದು ನನ್ನ ಕೈಲಿರಲಿಲ್ಲ.

"ನೋಡು, ಬುಧವಾರ ಬುಧವಾರ ಕೂಗತೈತಿ, ಮತ್ತೇನ ಬೇಕು?" ಎಂದು ಚನ್ನವೀರ ಹೆಮ್ಮೆಪಡುತ್ತಿದ್ದ. ರಸ್ತೆಯಾಚೆ ಹಂದಿ ಸಾಕುವ ರಾನ್ ಎಂಬಾತನ ಮನೆಗೆ ನೆಲಮಾಳಿಗೆ ಇತ್ತು. ಯಾವಾಗ ಬೇಕಾದರೂ ಬನ್ನಿ, ಬಾಗಿಲಿಗೆ ಬೀಗ ಹಾಕುವುದಿಲ್ಲ ಎಂದು ಅವನು ಹೇಳಿದ್ದ. ನೀಲಾ ಮಗಳ ಕೈ ಹಿಡಿದು ಓಡಿ ಅಭ್ಯಾಸ ಮಾಡಿದಳು. ಮೂರು ನಿಮಿಷ ಸಾಕಾಗುತ್ತಿತ್ತು. ನಾನು ಕೂಗಿದರೆ ಆ ಮೂರು ನಿಮಿಷ ಅವರದು.

ಮೇ ತಿಂಗಳ ಒಂದು ಗುರುವಾರ. ಹಿಂದಿನ ದಿನವಷ್ಟೇ ನಾನು ಅಚ್ಚುಕಟ್ಟಾಗಿ ಕೂಗಿದ್ದೆ. ಸಂಜೆ ನಾಲ್ಕಕ್ಕೆ ಸೆಕೆ ಕುದಿಯುತ್ತಿತ್ತು. ಚನ್ನವೀರ ದೂರದ ಹೊಲಕ್ಕೆ ಹೋಗಿದ್ದ. ಶಾಂಭವಿ ಟೀವಿಯಲ್ಲಿ ಕ್ಯಾಸೆಟ್ಟು ಹಾಕಿಕೊಂಡು ಕಾರ್ಟೂನು ನೋಡುತ್ತಿದ್ದಳು. ನೀಲಾ ರೊಟ್ಟಿ ಬಡಿಯುತ್ತಾ ಕಿಟಕಿಯತ್ತ ನೋಡಿದಳು. ಆಕಾಶ ಹೆಸರುಕಾಳಿನ ಬಣ್ಣಕ್ಕೆ ತಿರುಗಿತ್ತು. ಹಕ್ಕಿಯ ಸದ್ದಿಲ್ಲ, ಹಂದಿಯ ಸದ್ದೂ ಇಲ್ಲ.

ಅಷ್ಟರಲ್ಲಿ ಸುದ್ದಿ ನನಗೆ ಮುಟ್ಟಿತು. ಅಯ್ಯೋ, ನನಗೆ ಎಲ್ಲವೂ ಕೇಳಿಸಿತು! ಸುಂಟರಗಾಳಿ ನೆಲ ಮುಟ್ಟಿದೆ, ಪಡುವಣದಿಂದ ಹೊಳೆಯ ಕಡೆಗೆ ಬರುತ್ತಿದೆ, ಕೂಡಲೇ ಆಶ್ರಯ ಪಡೆಯಿರಿ. ಕೌಂಟಿಯ ಸಂಖ್ಯೆ ಬಂತು. ನನ್ನ ಸಂಖ್ಯೆಯಲ್ಲ, ಗಂಟಲು ಬಿಚ್ಚಲಿಲ್ಲ. ಕಲ್ಲಿಗಾದರೂ ಆ ಹೊತ್ತಿಗೆ ಬಾಯಿ ಬರಬೇಕಿತ್ತು, ನನಗೆ ಬರಲಿಲ್ಲ.

"ಯವ್ವಾ, ಹೋಗೂಣು. ನನಗ ಅಂಜಿಕಿ ಬರತೈತಿ," ಎಂದಳು ಶಾಂಭವಿ.

ನೀಲಾ ನನ್ನ ಹತ್ತಿರ ಬಂದಳು. ಹಿಟ್ಟಿನ ಕೈಯಲ್ಲೇ ನನ್ನ ತಲೆ ಮುಟ್ಟಿದಳು. ನನ್ನ ಪುಟ್ಟ ದೀಪ ಉರಿಯುತ್ತಿದೆಯೇ ಎಂದು ಬಗ್ಗಿ ನೋಡಿದಳು. ಉರಿಯುತ್ತಿತ್ತು.

"ಡೋರಿಸಜ್ಜಿ ರೇಡಿಯೋ ಕೂಗಿಲ್ಲಲ್ಲ ಕೂಸ. ಏನೂ ಆಗಂಗಿಲ್ಲ, ಕುಂದ್ರು," ಎಂದಳು.

ಹತ್ತು ನಿಮಿಷ ಇತ್ತು. ನಾನು ಎಣಿಸಿದ್ದೇನೆ. ಮೂರು ಸಾಕಿತ್ತು, ಹತ್ತು ಇತ್ತು. ಆಮೇಲೆ ಕರೆಂಟು ಹೋಯಿತು, ಕಿಟಕಿ ಒಳಗೆ ಬಂತು. ಆ ಸದ್ದು ಎಂಥದೆಂದು ಕೇಳಬೇಡಿ, ಹೇಳಲಾರೆ. ನೀಲಾ ಮಗಳನ್ನು ಬಚ್ಚಲಿಗೆ ಎಳೆದುಕೊಂಡು ಅವಳ ಮೇಲೆ ಬೋರಲಾದದ್ದು ಕಂಡಿತು. ನಾನೂ ಅವರ ಹಿಂದೆಯೇ ಉರುಳಿದೆ. ಮನೆ ನಮ್ಮೆಲ್ಲರ ಮೇಲೆ ಕೂತಿತು.

ಕತ್ತಲೆ, ಧೂಳು. ಶಾಂಭವಿ ಮೆಲ್ಲಗೆ "ಯವ್ವಾ" ಎನ್ನುತ್ತಿದ್ದಳು. ಉತ್ತರ ಬರಲಿಲ್ಲ. ಆಗ ನೋಡಿ, ಗಾಳಿ ಹೊಳೆಯ ಅಂಚು ಮುಟ್ಟಿತ್ತು. ಆಚೆ, ಇಲಿನಾಯ್ ದಂಡೆಯ ಡೋರಿಸಳ ಕೌಂಟಿಗೆ ಎಚ್ಚರಿಕೆ ಹೊರಟಿತು. ಅದು ನನ್ನ ಸಂಖ್ಯೆ. ಹೊಟ್ಟೆಯೊಳಗಿನ ಸೆಲ್ಲಿನ ಬಲದಲ್ಲಿ, ಇಟ್ಟಿಗೆಯ ಕೆಳಗೆ ಬಿದ್ದುಕೊಂಡು, ನಾನು ಕಿರಿಚಿದೆ. ಓಡಿ, ಓಡಿ ಎಂದು ಕಿರಿಚಿದೆ. ಓಡಬೇಕಾದವಳು ನನ್ನ ಪಕ್ಕದಲ್ಲೇ ತಣ್ಣಗಾಗುತ್ತಿದ್ದಳು.

ನನ್ನ ಸದ್ದು ಹಿಡಿದುಕೊಂಡೇ ರಾನ್ ಬಂದ. ಚನ್ನವೀರನೂ ಬಂದ. ಬರಿಗೈಯಲ್ಲಿ ತೋಡಿದರು. ಮಗಳು ಉಳಿದಳು. ನೀಲಾ ಉಳಿಯಲಿಲ್ಲ. ಗಾಳಿ ಹೊಳೆಯ ನಡುವೆಯೇ ಮುರಿದುಬಿತ್ತಂತೆ. ನಾನು ಯಾರಿಗಾಗಿ ಅಷ್ಟು ಕಿರಿಚಿದೆನೋ ಆ ದಂಡೆಯಲ್ಲಿ ಒಂದು ಹಂಚೂ ಜಾರಲಿಲ್ಲ.

ವಾರದ ಮೇಲೆ ಚನ್ನವೀರ ನನ್ನನ್ನು ಕೈಗೆತ್ತಿಕೊಂಡು ಅಂಟುಪಟ್ಟಿಯನ್ನು ಅರ್ಧ ಬಿಡಿಸಿದ. ಗುಂಡಿ ಒತ್ತಿ ಸಂಖ್ಯೆ ನೋಡಿದ. ಅವನ ಮುಖ ನಾನು ಕೆಳಗಿನಿಂದ ಕಂಡೆ, ಮತ್ತೊಮ್ಮೆ ಕಾಣುವುದು ಬೇಡ. ಪಟ್ಟಿಯನ್ನು ಹಾಗೇ ಮತ್ತೆ ಒತ್ತಿ ಕೂರಿಸಿದ. ಅದೇ ತಿಂಗಳು ಇಲಿನಾಯ್ ದಂಡೆಯಿಂದ ಒಂದು ಲಕೋಟೆ ಬಂತು. ಫ್ರಿಜ್ಜಿನ ಮೇಲಿಂದ ಗಾಳಿ ಹಾರಿಸಿದ ಆ ಕರೆಂಟು ಬಿಲ್ಲು ಯಾರದೋ ಹುಲ್ಲುಗಾವಲಿಗೆ ಬಿದ್ದಿತ್ತಂತೆ. ಅದರ ಮೇಲಿನ ಹೆಸರು ಹಿಡಿದು, ವಿಚಾರಿಸಿ, ಪುಣ್ಯಾತ್ಮರು ಅಂಚೆಗೆ ಹಾಕಿದ್ದರು. ಕೊನೆಯ ಸಾಲು ಒಂದಿಷ್ಟೂ ಅಳಿಸಿರಲಿಲ್ಲ. ಅವನು ಅದನ್ನು ಮಡಚಿ ನನ್ನ ಅಡಿಯಲ್ಲಿಟ್ಟ.

ಶಾಂಭವಿ ಬೆಳೆದಳು. ತನ್ನನ್ನು ಉಳಿಸಿದ್ದು ಈ ರೇಡಿಯೋ ಎಂದು ಕಂಡವರಿಗೆಲ್ಲ ಹೇಳುವಳು. ತಾಯಿಯಂತೆಯೇ ಖಂಡೇನವಮಿಗೆ ವಿಭೂತಿ ಹಚ್ಚುವಳು. ಅವಳು ಹಚ್ಚುವಾಗ ಅಪ್ಪ ಎದ್ದು ಹೊರಗೆ ಹೋಗುವನು. ನಾನು ಎಲ್ಲಿಗೆ ಹೋಗಲಿ? ಕೂತು ಹಚ್ಚಿಸಿಕೊಂಡೆ, ಇಪ್ಪತ್ತೈದು ವರ್ಷ.

ಕಳೆದ ವಸಂತದಲ್ಲಿ ಅವಳು ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ಬಂದಳು. ಮಗುವಿನ ಹೆಸರು ನೀಲಾ. "ಅಪ್ಪಾ, ರೇಡಿಯೋ ನಾ ಒಯ್ಯತೀನಿ. ಕೂಸಿನ ತಲಿಕಡೆ ಇಡತೀನಿ," ಎಂದಳು.

"ಬ್ಯಾಡ," ಎಂದ ಚನ್ನವೀರ. "ಫೋನಿನ್ಯಾಗ ಎಲ್ಲಾ ಬರತಾವ ಈಗ."

"ಫೋನು ಏನಿದ್ದರೂ ಇದ್ರಂಗ ಅಲ್ಲ. ನೋಡು, ಇವತ್ತಿಗೂ ಬುಧವಾರ ಬುಧವಾರ ಕೂಗತೈತಿ."

ತನ್ನದೇ ಮಾತು ಮಗಳ ಬಾಯಲ್ಲಿ ಕೇಳಿ ಅವನು ಥಟ್ಟನೆ ಎದ್ದ. ಬಂದು, ನನ್ನನ್ನು ಹಿಡಿದು, ಆ ಹಳದಿ ತಿರುಗಿದ ಅಂಟುಪಟ್ಟಿಯನ್ನು ಒಂದೇ ಎಳೆತಕ್ಕೆ ಕಿತ್ತ. ಗುಂಡಿ ಒತ್ತಿ ಅವಳ ಮುಂದೆ ಹಿಡಿದ.

"ಇದು ಡೋರಿಸಜ್ಜಿ ಕೌಂಟಿ," ಎಂದ. "ನಮ್ದಲ್ಲ. ನಾ ಬದಲ ಮಾಡಬೇಕಿತ್ತು, ಮಾಡಲಿಲ್ಲ. ನಿಮ್ಮವ್ವ ಇದು ಕೂಗತೈತಿ ಅಂತ ಕಾಯ್ಕೋತ ಕುಂತಳು."

"ನಿನಗ ಯಾವಾಗ ಗೊತ್ತಾತು?"

"ಆವಾಗಽ."

ಅವಳು ಕಿರಿಚಲಿಲ್ಲ. ನನ್ನಡಿಯ ಬಿಲ್ಲನ್ನು ಬಿಡಿಸಿ ಓದಿದಳು, ಕೊನೆಯ ಸಾಲಿಗೆ ಬಂದು ನಿಂತಳು, ಒಂದು ಅಮ್ಮನ ಅಕ್ಷರ, ಒಂದು ಅಪ್ಪನದು. ಮಗು ಅವಳ ಕಿವಿಯೋಲೆ ಎಳೆಯುತ್ತಿತ್ತು.

"ಯಾವ ದಂಡಿ ಚಲೋ ಇತ್ತಪ್ಪಾ?" ಎಂದು ಕೇಳಿದಳು ಕೊನೆಗೆ.

"ನಿಮ್ಮವ್ವ ಹೇಳಿದ್ದು," ಎಂದ ಅವನು.

ಈಗ ನಾನು ಶಾಂಭವಿಯ ಮನೆಯ ನೆಲಮಾಳಿಗೆಯ ಮೂಲೆಯಲ್ಲಿ, ಹಳೆಯ ಬಣ್ಣದ ಡಬ್ಬಿಗಳ ನಡುವೆ ಇದ್ದೇನೆ. ಸೆಲ್ಲು ತೆಗೆದಿದ್ದಾರೆ. ಬುಧವಾರಗಳು ಸುಮ್ಮನೆ ಹೋಗುತ್ತವೆ. ಬೇಜಾರೇನಿಲ್ಲ. ಮೋಡ ಕಟ್ಟಿದರೆ ಆಕೆ ಯಾವ ಪೆಟ್ಟಿಗೆಯನ್ನೂ ಕೇಳುವುದಿಲ್ಲ. ಅಂಗಳದಲ್ಲಿ ನಿಂತು ಆಕಾಶ ನೋಡುತ್ತಾಳೆ, ಬಣ್ಣ ಸರಿಯಿಲ್ಲವೆನಿಸಿದರೆ ಮಗುವನ್ನು ಅವುಚಿಕೊಂಡು ಮೆಟ್ಟಿಲಿಳಿದು ಇಲ್ಲಿಗೆ ಬರುತ್ತಾಳೆ. ನನ್ನ ಪಕ್ಕದಲ್ಲೇ ಕೂರುತ್ತಾಳೆ. ನನ್ನ ಕಡೆ ನೋಡುವುದಿಲ್ಲ.