ಭಾವ ತಳ್ಳಿದ ಕಾರು

ಡೀಸೆಲ್ ಕಾರಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿದ್ದೇ ತಡ, ಟ್ಯಾಕ್ಸಿ ಓಡಿಸುವ ಅಕ್ಕ ಎಂಜಿನ್ ಆರಿಸಿ, ಪಕ್ಕದಲ್ಲಿ ಕೂತಿದ್ದ ಭಾವನ ಕಡೆ ತಿರುಗಿದಳು. ಬಾನೆಟ್ಟಿನಿಂದ ಎದ್ದ ಹಬೆಗೆ ಮೂರು ಬೀದಿಯ ಬಟ್ಟೆ ಇಸ್ತ್ರಿಯಾಗುತ್ತಿತ್ತು.

"ಬೆಲ್ಟ್ ಬದಲಾಯಿಸೋವಾಗ ಎಂಜಿನ್ ತಂಪಾಗಿಡೋ ವಾಟರ್ ಪಂಪು ಹಳೇದೇ ಇರಲಿ ಅಂದೋರು ಯಾರು ಭಾವ?"

"ಕಲ್ಲುಗುಂಡಿನ ಹಾಗಿತ್ತಮ್ಮ! ಇನ್ನೊಂಚೂರು ಓಡಿಸು, ಗ್ಯಾರೇಜು ಅಲ್ಲೇ ಇದೆ."

"ಓಡಿಸಿದ್ರೆ ಎಂಜಿನ್ನೇ ಸೀಜ್ ಆಗಿ ಕೆಟ್ಟು ಕೂರುತ್ತೆ. ನನ್ನ ಅನ್ನ ಇರೋದು ಇದರಲ್ಲೇ. ಇಳೀರಿ, ತಳ್ಳೋಣ."

ಒಂದು ಕೈ ಸ್ಟಿಯರಿಂಗಿನ ಮೇಲಿಟ್ಟು, ಬಾಗಿಲಿಗೆ ಹೆಗಲು ಕೊಟ್ಟು ಅವಳು ನೂಕಿದಳು. ಹಿಂದೆ ಭಾವ ಒಂದು ಕೆರೆ ತುಂಬುವಷ್ಟು ಬೆವರು ಹರಿಸಿದರು. ಆನೆಯಾಗಿದ್ದರೆ ಅರ್ಧ ದಾರಿಯಲ್ಲೇ ರಾಜೀನಾಮೆ ಕೊಡುತ್ತಿತ್ತು; ಅಕ್ಕ ಮಾತ್ರ ಗ್ಯಾರೇಜಿನ ಬಾಗಿಲವರೆಗೂ ನಿಲ್ಲಲಿಲ್ಲ.

ಸಂಜೆ ಹೊಸ ಪಂಪು ಕೂತ ಮೇಲೆ ಕೀಲಿ ತಿರುಗಿಸಿದಳು. ಊರೇ ಬೆಚ್ಚುವಂತೆ ಎಂಜಿನ್ ಗುಡುಗಿತು.

"ಹತ್ತಿ ಭಾವ, ಮನೆಗೆ ಬಿಡ್ತೀನಿ."

"ಹತ್ತೋಕೆ ಕಾಲು ನನ್ನ ಮಾತು ಕೇಳ್ತಿಲ್ಲ. ಎತ್ತಿ ಕೂರಿಸು ತಾಯಿ!"