ಮೂರರ ಲೆಕ್ಕದವಳು

ಎಂಟರ ಚೆಂಡು ಮೂಲೆಯ ಪಾಕೆಟ್ಟಿಗೆ ಬಿದ್ದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ದೊಡ್ಡಬಳ್ಳಾಪುರದ ಹಳೇ ಬಸ್ ಸ್ಟ್ಯಾಂಡಿನ ಹಿಂದೆ, ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಮುನಿಕೃಷ್ಣನ ಪೂಲ್ ಪಾರ್ಲರ್ ಇದೆ. ಆ ಭಾನುವಾರ ಮಧ್ಯಾಹ್ನ ಲೀಗಿನ ಸೆಮಿಫೈನಲ್ ನೋಡಲು ಬಂದವರಿಗೆ ಅಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಅಷ್ಟೂ ಜನರ ಕಣ್ಣು ಪ್ರಮೋದಾಳ ಮೇಲಿತ್ತು. ಅವಳು ಸೋಲಿಸಿದ್ದು ಟೈಲ್ಸ್ ಅಂಗಡಿಯ ಜಯಕುಮಾರನನ್ನು. ಸೋಲಿಸಿದ್ದಷ್ಟೇ ಅಲ್ಲ, ಅವನಿಗೆ ಒಂದೇ ಒಂದು ಆಟ ಬಿಟ್ಟುಕೊಟ್ಟು ತಾನು ಮೂರು ಗೆದ್ದಿದ್ದಳು.

ಜಯಕುಮಾರ್ ತನ್ನ ಕೋಲನ್ನು ಟೇಬಲ್ಲಿನ ಮೇಲೆ ಅಡ್ಡಲಾಗಿ ಇಟ್ಟ.

"ಮುನಿಕೃಷ್ಣಣ್ಣ, ಈಯಮ್ಮ ಮೂರಾ?"

ಮುನಿಕೃಷ್ಣ ಟೇಬಲ್ಲಿನ ಅಂಚಿನಲ್ಲಿದ್ದ ಚಾಕ್ ಎತ್ತಿ ಪಕ್ಕಕ್ಕಿಟ್ಟ.

"ನಾನು ಕೇಳ್ತಾ ಇರೋದು ನಿಮ್ಮನ್ನೇ. ಇವರು ಆಡೋದು ಮೂರರ ಆಟಾನಾ? ನನ್ ಕಣ್ಣಿಗೆ ಮಣ್ಣೆರಚ್ತಿದ್ದೀರಾ ಎಲ್ಲಾರೂ ಸೇರ್ಕೊಂಡು?"

ಆ ಪಾರ್ಲರಿನಲ್ಲಿ ಎಲ್ಲರಿಗೂ ಒಂದೊಂದು ನಂಬರ್ ಇತ್ತು. ಲೀಗ್ ಶುರುವಾಗುವ ಮುಂಚೆ ಪ್ರತಿಯೊಬ್ಬರ ಆಟ ನೋಡಿ ಮುನಿಕೃಷ್ಣ ಕೊಟ್ಟ ನಂಬರ್ ಅದು. ಈಗಷ್ಟೇ ಕೋಲು ಹಿಡಿದವರಿಗೆ ಎರಡು, ಪಳಗಿದವರಿಗೆ ಆರು. ಏಳು ಎಂದರೆ ಮುನಿಕೃಷ್ಣ ಒಬ್ಬನೇ. ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ತಮ್ಮ ಚೆಂಡುಗಳನ್ನೆಲ್ಲ ಪಾಕೆಟ್ಟಿಗೆ ಬೀಳಿಸಿ, ಕೊನೆಗೆ ಎಂಟರ ಚೆಂಡು ಬೀಳಿಸಿದವರಿಗೆ ಒಂದು ಆಟ. ನಿಮ್ಮ ನಂಬರ್ ಎಷ್ಟೋ ಅಷ್ಟು ಆಟ ನೀವು ಗೆಲ್ಲಬೇಕು. ಹಾಗಾಗಿ ಆರರ ಜಯಕುಮಾರ್ ಆರು ಆಟ ಗೆಲ್ಲಬೇಕಿತ್ತು, ಮೂರರ ಪ್ರಮೋದಾಗೆ ಮೂರು ಸಾಕಿತ್ತು. ಇನ್ನೊಂದು ನಿಯಮವೂ ಇತ್ತು. ಒಂದು ತಂಡಕ್ಕೆ ಮೂರು ಜನ, ಮೂವರ ನಂಬರ್ ಕೂಡಿದರೆ ಹದಿನೈದು ದಾಟಬಾರದು.

ಪ್ರಮೋದಾ ತಂಡಕ್ಕೆ ಬಂದದ್ದೇ ಆ ಹದಿನೈದರ ಲೆಕ್ಕದಿಂದ. ಅವಳ ಅಣ್ಣ ನಂದೀಶ್ ಆರು, ಅವನ ಗೆಳೆಯ ವೇಣುಗೋಪಾಲ್ ಆರು. ಉಳಿದದ್ದು ಮೂರು. ಹೋದ ವರ್ಷ ಒಂದು ಸಂಜೆ ಊಟಕ್ಕೆ ಕೂತಾಗ ನಂದೀಶ್ ಅವಳನ್ನು ನೋಡಿ, "ನೀನೇ ಬಾರೆ. ಒಂದು ಮೂರು ಬೇಕು ನಮಗೆ" ಎಂದಿದ್ದ. ಚಿಕ್ಕಂದಿನಿಂದ ಅಣ್ಣನ ಜೊತೆ ಪಾರ್ಲರಿಗೆ ಹೋಗಿ ಬಂದು ಅವಳಿಗೂ ಅಷ್ಟಿಷ್ಟು ಆಟ ಬರುತ್ತಿತ್ತು. ಖುಷಿಯಿಂದಲೇ ಒಪ್ಪಿದ್ದಳು.

ಈಗ ನಂದೀಶ್ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಜಯಣ್ಣ, ಸೋತಿದ್ದಕ್ಕೆ ಇದೇನು ಹೊಸ ರಾಗ? ನನ್ ತಂಗಿ ಆಟ ನನಗೆ ಗೊತ್ತಿಲ್ವಾ? ಅವಳು ಮೂರೇ. ಇವತ್ತು ಅದೃಷ್ಟ ಕೈ ಹಿಡೀತು, ಅಷ್ಟೇ."

"ಅದೃಷ್ಟ ಒಂದ್ಸಲ ಬರುತ್ತೆ ಗುರು. ಬಾಲ್ ಬಿದ್ದಿದ್ದು ಬಿಟ್ಹಾಕು, ಅದು ಯಾರಿಗಾದ್ರೂ ಬೀಳುತ್ತೆ. ಬಿಳೀ ಬಾಲ್ ನೋಡಿದ್ಯಾ? ಪ್ರತಿ ಸಲಾನೂ ಮುಂದಿನ ಶಾಟಿಗೆ ಎಲ್ಲಿ ಬೇಕೋ ಅಲ್ಲೇ ಹೋಗಿ ನಿಂತ್ಕೊಂತಾ ಇತ್ತು. ಮೂರರವರ ಬಿಳೀ ಬಾಲ್ ಹಂಗೆ ಮಾತು ಕೇಳುತ್ತಾ?"

ಯಾರೋ "ಅದು ಸರಿ ಕಣೋ" ಎಂದರು. ನಂದೀಶನ ಮುಖ ಬಿಗಿಯಿತು. ಸೆಮಿಫೈನಲ್ಲಿನಲ್ಲಿ ಅವನು ತನ್ನ ಪಂದ್ಯ ಗೆದ್ದಿದ್ದ, ವೇಣುಗೋಪಾಲ್ ಸೋತಿದ್ದ. ಪ್ರಮೋದಾಳ ಗೆಲುವಿನಿಂದಲೇ ಅವರು ಫೈನಲ್ ತಲುಪಿದ್ದು. ಅವಳು ನಾಲ್ಕು ಎಂದಾದರೂ ಸಾಕು, ತಂಡ ಹದಿನೈದು ದಾಟುತ್ತದೆ, ಗೆದ್ದದ್ದೆಲ್ಲ ಹೋಗುತ್ತದೆ.

ಮುನಿಕೃಷ್ಣ ಗಡ್ಡ ಕೆರೆದುಕೊಂಡ. ಐವತ್ತು ದಾಟಿದ ಮನುಷ್ಯ, ಜಗಳ ಎಂದರೆ ಆಗದು.

"ಒಂದ್ ಕೆಲಸ ಮಾಡಣ. ನನ್ ಜೊತೆ ಒಂದ್ ಆಟ ಆಡ್ಲಿ. ನಾನು ನೋಡ್ತೀನಿ. ನಾನು ಹೇಳಿದ ನಂಬರ್ರಿಗೆ ಎಲ್ಲಾರೂ ಒಪ್ಕೋಬೇಕು."

"ಬೇಕಂತಲೇ ತಪ್ಪು ಹೊಡೆದ್ರೆ?" ಜಯಕುಮಾರ್ ಕೇಳಿದ.

"ನಿಜವಾಗಿ ತಪ್ಪಿದವರು ಬಾಲ್ ನೋಡ್ತಾರೆ. ಬೇಕಂತ ತಪ್ಪಿಸಿದವರು ಜನಾನ ನೋಡ್ತಾರೆ. ಅಷ್ಟು ಗೊತ್ತಾಗಲ್ವಾ ನನಗೆ? ಹತ್ತು ನಿಮಿಷ ಬಿಟ್ಟು ಆಡಣ."

ನಂದೀಶ್ ತಂಗಿಯ ತೋಳು ಹಿಡಿದು ಮೆಟ್ಟಿಲ ಬಳಿ ಕರೆದುಕೊಂಡು ಹೋದ. ಕೆಳಗಿನ ಅಂಗಡಿಯಿಂದ ಬಣ್ಣದ ವಾಸನೆ ಬರುತ್ತಿತ್ತು.

"ನೋಡು, ಹೆದರ್ಕೋಬೇಡ. ಒಂದೆರಡು ಬಾಲ್ ಹಾಕು. ಆಮೇಲೆ ಸ್ವಲ್ಪ ಜೋರಾಗಿ ಹೊಡಿ, ಬಿಳೀದು ಎಲ್ಲಾದ್ರೂ ಹೋಗ್ಲಿ. ಮೂರರವರು ಹೆಂಗಾಡ್ತಾರೋ ಹಂಗೆ ಆಡು, ಸಾಕು."

"ಅಣ್ಣ, ನಾನು ಮೂರಲ್ಲ."

ನಂದೀಶ್ ಅವಳನ್ನು ದಿಟ್ಟಿಸಿದ. "ಏನೇ ಹಂಗಂದ್ರೆ?"

"ಈಗ ಮೂರಲ್ಲ. ಯಾವಾಗಿಂದಲೋ ಅಲ್ಲ."

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ದಾರಿಯ ಒಂದು ದೊಡ್ಡ ಹೋಟೆಲಿನಲ್ಲಿ ಅವಳಿಗೆ ಲಾಂಡ್ರಿ ವಿಭಾಗದ ಸೂಪರ್‌ವೈಸರ್ ಕೆಲಸ. ಶಿಫ್ಟ್ ಮುಗಿದ ಮೇಲೆ ಸ್ಟಾಫ್ ಬಸ್ಸಿಗಾಗಿ ದಿನವೂ ಒಂದು ಗಂಟೆ ಕಾಯಬೇಕು. ಸ್ಟಾಫ್ ಕೋಣೆಯಲ್ಲಿ ಹೋಟೆಲಿನವರು ಬೇಡವೆಂದು ತೆಗೆದುಹಾಕಿದ್ದ ಒಂದು ಹಳೆಯ ಪೂಲ್ ಟೇಬಲ್ ಇತ್ತು. ಬಟ್ಟೆ ಸವೆದು ಒಂದು ಮೂಲೆಗೆ ವಾಲಿದ್ದ ಟೇಬಲ್. ಮೊದಲು ಜೊತೆಗೆ ಕೆಲಸ ಮಾಡುವ ಮೋನಿಷಾಳೊಂದಿಗೆ ತಮಾಷೆಗೆ ಆಡುತ್ತಿದ್ದಳು. ಆಮೇಲೆ ಮೋನಿಷಾ ಮೊಬೈಲ್ ಹಿಡಿದು ಕೂತರೂ ಇವಳು ಒಬ್ಬಳೇ ಆಡತೊಡಗಿದಳು. ವಾಲಿದ ಟೇಬಲ್ಲಿನ ಮೇಲೆ ಜೋರಾಗಿ ಹೊಡೆದರೆ ಏನೂ ದಕ್ಕುವುದಿಲ್ಲ. ಎಷ್ಟು ಮೆಲ್ಲಗೆ ಮುಟ್ಟಿದರೆ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ ಎಂಬುದೇ ಅವಳಿಗೆ ಹುಚ್ಚಾಯಿತು. ಲೀಗಿನಲ್ಲಿ ಅವಳು ಯಾವತ್ತೂ ಬೇಕೆಂದು ಸೋತಿರಲಿಲ್ಲ. ಆದರೆ ತನ್ನ ಆಟ ಬೆಳೆದಿದೆ ಎಂದು ಮುನಿಕೃಷ್ಣನಿಗೆ ಹೇಳಿಯೂ ಇರಲಿಲ್ಲ. ಹೇಳಿದರೆ ಅಣ್ಣನ ತಂಡ ಒಡೆಯುತ್ತದೆ ಎಂಬ ಲೆಕ್ಕ ಅವಳಿಗೂ ಗೊತ್ತಿತ್ತು.

"ಇವತ್ತೊಂದಿನ ಮೂರಾಗಿರು ಪ್ರಮೋದಾ," ನಂದೀಶನ ದನಿ ತಗ್ಗಿತು. "ನಾಲ್ಕು ವರ್ಷದಿಂದ ಫೈನಲ್ಲಿಗೆ ಒದ್ದಾಡ್ತಿದ್ದೀನಿ ಕಣೆ. ನನಗೋಸ್ಕರ."

ಅವಳು ಉತ್ತರಿಸುವ ಮುಂಚೆ ಒಳಗಿನಿಂದ ಕರೆದರು.

ಟೇಬಲ್ಲಿನ ಸುತ್ತ ಜನ ಒತ್ತಿಕೊಂಡು ನಿಂತಿದ್ದರು. ಬ್ರೇಕ್, ಅಂದರೆ ಮೊದಲ ಹೊಡೆತ, ಅವಳದೇ. ಚೆಂಡುಗಳು ಚದುರಿ, ಪಟ್ಟೆಯಿಲ್ಲದ ಒಂದು ಚೆಂಡು ಬಿತ್ತು. ಅಂದರೆ ಪಟ್ಟೆಯಿಲ್ಲದವು ಅವಳವು, ಪಟ್ಟೆಯವು ಮುನಿಕೃಷ್ಣನವು. ಮುಂದಿನ ಚೆಂಡು ಪಾಕೆಟ್ಟಿನ ಬಾಯಲ್ಲೇ ಇತ್ತು. ಕಣ್ಣು ಮುಚ್ಚಿ ಹೊಡೆದರೂ ಬೀಳುವಂಥದ್ದು. ಅವಳು ಬಗ್ಗಿದಳು. ಅಣ್ಣನ ಮಾತು ಇನ್ನೂ ಕಿವಿಯಲ್ಲಿರುವಾಗಲೇ ಹೊಡೆದಳು. ಚೆಂಡು ಪಾಕೆಟ್ಟಿನ ತುಟಿಗೆ ಬಡಿದು ಹಿಂದೆ ಬಂತು.

"ನಾಟಕ!" ಜಯಕುಮಾರ್ ಕೂಗಿದ. "ನೋಡ್ರಪ್ಪಾ, ನಾಟಕ ಶುರುವಾಯ್ತು!"

ಅದು ನಾಟಕವಾಗಿರಲಿಲ್ಲ. ತಲೆಯೆತ್ತಿದರೆ ಗೋಡೆಗೆ ಒರಗಿದ್ದ ನಂದೀಶ್ ಕಂಡ. ಅವನ ಮುಖದಲ್ಲಿ ನೆಮ್ಮದಿಯ ಸಣ್ಣ ನಗುವಿತ್ತು. ಭೇಷ್ ಎನ್ನುವ ಹಾಗೆ ಅವನು ಯಾರಿಗೂ ಕಾಣದಂತೆ ತಲೆಯಾಡಿಸಿದ.

ಜಯಕುಮಾರನ ಕೂಗು ಅವಳಿಗೆ ಅಷ್ಟು ತಾಗಲಿಲ್ಲ. ಆ ನಗು ತಾಗಿತು. ಆಡಿದರೆ ಮೋಸಗಾತಿ, ತಪ್ಪಿದರೆ ನಾಟಕದವಳು, ಸೋತರೆ ಒಳ್ಳೆಯ ತಂಗಿ. ಅವಳು ನಿಜವಾಗಿ ಎಷ್ಟು ಎಂದು ತಿಳಿಯುವ ಆಸೆ ಆ ಕೋಣೆಯಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ.

ಮುನಿಕೃಷ್ಣ ಅವಸರವಿಲ್ಲದೆ ಪಟ್ಟೆಯ ಚೆಂಡುಗಳನ್ನು ಒಂದೊಂದಾಗಿ ಹಾಕುತ್ತಾ ಹೋದ. ನಾಲ್ಕು ಬಿದ್ದ ಮೇಲೆ ಅವನಿಗೆ ದಾರಿ ಕಾಣಲಿಲ್ಲ. ಆಗ ಬಿಳಿ ಚೆಂಡನ್ನು ಮೆಲ್ಲಗೆ ಉರುಳಿಸಿ ತನ್ನ ಎರಡು ಚೆಂಡುಗಳ ಹಿಂದೆ ಅಡಗಿಸಿಟ್ಟ. ಪ್ರಮೋದಾಳ ಒಂದು ಚೆಂಡಿಗೂ ನೇರ ದಾರಿಯಿಲ್ಲ. ಅವನು ಕೋಲನ್ನು ನೆಲಕ್ಕೂರಿ, "ಆಡಮ್ಮ" ಎಂದ.

ಇಲ್ಲಿ ತಪ್ಪಿದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಆರರವರೂ ತಪ್ಪುವ ಜಾಗ ಅದು. ಅಣ್ಣನಿಗೆ ಬೇಕಾದದ್ದನ್ನು ಸುಳ್ಳೇ ಇಲ್ಲದೆ ಕೊಡಬಹುದಿತ್ತು. ನಂದೀಶ್ ಕೆಮ್ಮಿದ.

ಅವಳು ಟೇಬಲ್ಲಿನ ಸುತ್ತ ಒಂದು ಸಲ ನಡೆದಳು. ಎದುರಿನ ಕುಶನ್ನಿನ, ಅಂದರೆ ಟೇಬಲ್ಲಿನ ರಬ್ಬರ್ ಅಂಚಿನ ಮೇಲೆ ಒಂದು ಜಾಗ ನೋಡಿಕೊಂಡಳು. ಬಗ್ಗಿದಳು. ಈ ಸಲ ಚೆಂಡನ್ನಷ್ಟೇ ನೋಡಿದಳು.

ಬಿಳಿ ಚೆಂಡು ಕುಶನ್ನಿಗೆ ಬಡಿದು, ಓರೆಯಾಗಿ ವಾಪಸಾಗಿ, ಅವಳ ಚೆಂಡನ್ನು ಹಗುರವಾಗಿ ಮುಟ್ಟಿತು. ಮುಟ್ಟಿ ಅಲ್ಲೇ ನಿಲ್ಲಲಿಲ್ಲ. ನಿಧಾನವಾಗಿ ಉರುಳುತ್ತಾ ಹೋಗಿ ಟೇಬಲ್ಲಿನ ದೂರದ ಅಂಚಿಗೆ, ಎಂಟರ ಚೆಂಡಿನ ಬೆನ್ನಿಗೆ ಅಂಟಿಕೊಂಡಿತು. ಈಗ ಮುನಿಕೃಷ್ಣನಿಗೆ ದಾರಿಯಿರಲಿಲ್ಲ.

ಮುನಿಕೃಷ್ಣ ಊರಿದ್ದ ಕೋಲನ್ನು ಎತ್ತಿ ನೆಟ್ಟಗೆ ನಿಂತ. ಒಂದು ವರ್ಷದಿಂದ ಅವಳು ಅವನ ಲೀಗಿನಲ್ಲಿ ಆಡುತ್ತಿದ್ದಳು. ಅವನು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ ಇರಬೇಕು.

ಅವನು ಪ್ರಯತ್ನಿಸಿ ತಪ್ಪಿದ. ಆಮೇಲೆ ಅವಳು ನಿಲ್ಲಲಿಲ್ಲ. ಒಂದು ಚೆಂಡು, ಅದರ ಹಿಂದೆ ಇನ್ನೊಂದು. ಯಾರ ಕಡೆಗೂ ನೋಡದೆ, ಚಾಕ್ ಹಚ್ಚುವುದು, ಬಗ್ಗುವುದು, ಹೊಡೆಯುವುದು. ಕೊನೆಗೆ ಎಂಟರ ಚೆಂಡು ಉಳಿಯಿತು. ನಂದೀಶ್ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. "ಪ್ರಮೋದಾ," ಎಂದ, ಮೆಲ್ಲಗೆ. ಅವಳಿಗೆ ಕೇಳಿಸಿತು. ನಡುವಿನ ಪಾಕೆಟ್ಟಿಗೆ ಹೊಡೆದಳು. ಬಿತ್ತು.

ಮುನಿಕೃಷ್ಣ ತನ್ನ ಕೋಲನ್ನು ಗೋಡೆಗೆ ಒರಗಿಸಿ, "ಆರು" ಎಂದ. "ತಂಡ ಹದಿನೆಂಟಾಯ್ತು. ಇವತ್ತಿನ ಗೆಲುವು ಲೆಕ್ಕಕ್ಕಿಲ್ಲ. ಜಯಕುಮಾರನ ತಂಡ ಫೈನಲ್ಲಿಗೆ. ತಪ್ಪು ನಂದೂ ಇದೆ, ವರ್ಷದ ಹಿಂದೆ ಕೊಟ್ಟ ನಂಬರ್ ತಿರುಗಿ ನೋಡ್ಲಿಲ್ಲ ನಾನು."

ಜಯಕುಮಾರ್ ಹತ್ತಿರ ಬಂದ. ಗೆದ್ದವನ ಗತ್ತು ಅವನಲ್ಲಿರಲಿಲ್ಲ. "ಮೊದ್ಲೇ ಹೇಳ್ಬೋದಿತ್ತಲ್ಲಮ್ಮ."

"ಹೇಳ್ಬೋದಿತ್ತು," ಎಂದಳು ಪ್ರಮೋದಾ.

ವೇಣುಗೋಪಾಲ್ ಅವರಿಗೆ ಕಾಯದೆ ಹೊರಟುಹೋದ. ಅಣ್ಣ ತಂಗಿ ಸ್ಕೂಟರಿನಲ್ಲಿ ಮಾಕಳಿದುರ್ಗದ ರಸ್ತೆ ಹಿಡಿದರು. ತಮ್ಮೂರು ಮುಟ್ಟುವ ಮುಂಚೆ ರೈಲ್ವೆ ಗೇಟ್ ಬಿದ್ದಿತ್ತು. ನಂದೀಶ್ ಎಂಜಿನ್ ಆಫ್ ಮಾಡಿದ.

"ನನಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?" ಹಿಂದಕ್ಕೆ ತಿರುಗದೆ ಕೇಳಿದ.

"ಹೇಳಿದ್ದೆ. ಯುಗಾದಿ ಹಬ್ಬದ ದಿನ. ಹೋಟೆಲಲ್ಲಿ ಚೆನ್ನಾಗಿ ಆಡ್ತಿದ್ದೀನಿ ಅಣ್ಣ, ಒಂದ್ಸಲ ನನ್ ಜೊತೆ ಆಡು ಬಾ ಅಂದೆ. ನೀನು 'ಹೌದಾ' ಅಂದ್ಬಿಟ್ಟು ಫೋನ್ ನೋಡ್ಕೊಂಡು ಕೂತೆ."

ನಂದೀಶ್ ಹಳಿಗಳ ಕಡೆ ನೋಡಿದ. ಅವನಿಗೆ ನೆನಪಿತ್ತೋ ಇಲ್ಲವೋ.

"ಆಮೇಲೆ ಇನ್ನೊಂದ್ಸಲ ಹೇಳ್ಬೇಕಿತ್ತು," ಅವಳೇ ಅಂದಳು. "ಹೇಳಿದ್ರೆ ನೀನು ನನ್ನ ಬಿಟ್ಟುಬಿಡ್ತೀಯ ಅಂತ ಸುಮ್ನಿದ್ದೆ."

ಗೂಡ್ಸ್ ಗಾಡಿ ಬಂತು. ಉದ್ದದ ಗಾಡಿ. ಅದು ದಾಟಿ ಗೇಟ್ ಎದ್ದ ಮೇಲೂ ನಂದೀಶ್ ಸ್ಟಾರ್ಟ್ ಮಾಡಲಿಲ್ಲ. ಹಿಂದಿನ ಟೆಂಪೋದವನು ಹಾರ್ನ್ ಹೊಡೆದ ಮೇಲೆ ಹೊರಟ.

ಮನೆಯಲ್ಲಿ ಅವನು ಹಲವು ದಿನ ಅವಳೊಂದಿಗೆ ಬೇಕಾದಷ್ಟೇ ಮಾತಾಡಿದ. "ಅದೇನಾಗಿದೆ ನಿಮಗೆ?" ಎಂದು ತಾಯಿ ಪಿಳ್ಳಮ್ಮ ಕೇಳಿದರೆ ಇಬ್ಬರೂ ಏನಿಲ್ಲ ಎಂದರು. ಹೊಸ ಲೀಗಿಗೆ ತಂಡದ ಹೆಸರುಗಳನ್ನು ಕೊಡುವಾಗ ನಂದೀಶ್ ವೇಣುಗೋಪಾಲನನ್ನು ಉಳಿಸಿಕೊಂಡು, ಪಕ್ಕದೂರಿನ ಹರಿಪ್ರಸಾದ್ ಎಂಬ ಮೂರರವನನ್ನು ಹುಡುಕಿಕೊಂಡ. ಆ ಸಂಜೆ ಪ್ರಮೋದಾ ಬಾಗಿಲು ಹಾಕಿಕೊಂಡು ಅತ್ತಳು. ಮರುದಿನ ಕೆಲಸಕ್ಕೆ ಹೋಗಿ ಮೋನಿಷಾಳ ಮೊಬೈಲ್ ಕಿತ್ತುಕೊಂಡು ಕೈಗೆ ಕೋಲು ಕೊಟ್ಟಳು. ಹೋಟೆಲಿನ ಅಡುಗೆಯವರಲ್ಲಿ ಇನ್ನೊಬ್ಬರನ್ನು ಸೇರಿಸಿಕೊಂಡು ತಂಡ ಕಟ್ಟಿದಳು.

ಎರಡು ತಂಡಗಳೂ ಎದುರಾದ ದಿನ, ಆರಕ್ಕೆ ಆರು ಎಂದು ಮುನಿಕೃಷ್ಣ ಅಣ್ಣ ತಂಗಿಯನ್ನೇ ಜೋಡಿ ಮಾಡಿದ. ಇಬ್ಬರೂ ಆರಾರು ಆಟ ಗೆಲ್ಲಬೇಕು. ನಂದೀಶ್ ಚೆಂಡುಗಳನ್ನು ಜೋಡಿಸಿದ್ದ ತ್ರಿಕೋನದ ಕಟ್ಟು ತೆಗೆದು, "ಬ್ರೇಕ್ ನೀನೇ ತಗೋ, ಹೋಗ್ಲಿ" ಎಂದ.

"ಬೇಡ. ಟಾಸ್ ಹಾಕಣ."

ಅವನು ಅವಳನ್ನು ಒಂದು ಗಳಿಗೆ ನೋಡಿ ಜೇಬಿನಿಂದ ನಾಣ್ಯ ತೆಗೆದ. ಟಾಸ್ ಅವನೇ ಗೆದ್ದ. ಅಂಗಿಯ ತೋಳು ಮಡಚಿಕೊಂಡು, ಬೇರೆ ಯಾವ ಆರರವನ ಎದುರು ನಿಂತಿದ್ದರೂ ಹೊಡೆಯುವಷ್ಟೇ ಜೋರಾಗಿ ಹೊಡೆದ. ಚೆಂಡುಗಳು ಸಿಡಿದವು.

ಪಂದ್ಯ ಎರಡು ಗಂಟೆ ಹಿಡಿಯಿತು. ಐದಕ್ಕೆ ಐದು ಸಮವಾಗಿ, ಕೊನೆಯ ಆಟದಲ್ಲಿ ಒಂದು ಸುಲಭದ ಚೆಂಡು ಅವಳ ಕೈತಪ್ಪಿತು. ನಂದೀಶ್ ಗೆದ್ದ. ಎಂಟರ ಚೆಂಡು ಹೊಡೆಯುವಾಗ ಅವನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು, ಎರಡೆರಡು ಸಲ ಗುರಿ ನೋಡಿಕೊಂಡಿದ್ದ. ಅದನ್ನು ನೋಡುತ್ತಾ ನಿಂತ ಪ್ರಮೋದಾಗೆ ಸೋಲಿನ ಸಂಕಟದ ನಡುವೆಯೂ ಒಳಗೆಲ್ಲೋ ಹಗುರವಾಯಿತು.

ಅವನು ಕುರ್ಚಿಯಲ್ಲಿ ಕುಸಿದು, ನೀರಿನ ಬಾಟಲಿ ಎತ್ತಿ ಅರ್ಧ ಕುಡಿದು ಉಳಿದದ್ದನ್ನು ಅವಳತ್ತ ಚಾಚಿದ.

"ಆ ಕುಶನ್ನಿಗೆ ಹೊಡೆದು ವಾಪಸ್ ತರೋದು," ಎಂದ, ಇನ್ನೂ ಏದುತ್ತಾ. "ಅದೆಂಗೆ ಲೆಕ್ಕ ಹಾಕ್ತೀಯೇ?"

ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತು ಹೇಳತೊಡಗಿದಳು.